ಬಿಚ್ಚಿ ಜೋಡಿಸುವ ಮರದ ಲಾಂಗ್‌ಬೋ: ಲಿಂಬ್‌ಗೆ ಯಾವ ಮರ, ಯಾವ ಬಿದಿರು, ಯಾವ ಗ್ಲಾಸ್?

ಲಾಂಗ್‌ಬೋ, ಅಂದರೆ ಉದ್ದನೆಯ ನೇರ ಬಿಲ್ಲು, ಮಾಡಲು ಹೊರಟವರು ಮೊದಲು ಕೇಳುವುದು ‘ಯಾವ ಮರ ಒಳ್ಳೆಯದು?’ ಎಂದು. ಹಿಡಿಕೆಯ ಬಳಿ ಬಿಚ್ಚಿ ಚೀಲಕ್ಕೆ ತುಂಬಿಕೊಳ್ಳಬಹುದಾದ ಟೇಕ್‌ಡೌನ್ ಬಿಲ್ಲಿನಲ್ಲಿ ಆ ಪ್ರಶ್ನೆ ಎರಡನೆಯದು. ಮೊದಲನೆಯದು, ಕೀಲು ಎಂಥದ್ದು, ಅದು ಬಿಲ್ಲಿನ ಎಷ್ಟು ಉದ್ದವನ್ನು ನುಂಗುತ್ತದೆ ಎಂಬುದು. ಕೀಲು ಇರುವ ಭಾಗ ಬಾಗುವುದಿಲ್ಲ. ಅಲ್ಲಿ ಬಾಗದಿರುವುದನ್ನೆಲ್ಲ ಉಳಿದ ಭಾಗ, ಅಂದರೆ ಬಿಲ್ಲುಗಾರರು ಲಿಂಬ್ ಎನ್ನುವ ಮೇಲಿನ ಮತ್ತು ಕೆಳಗಿನ ತೋಳುಗಳು, ಬಾಗಿ ತೀರಿಸಬೇಕು. ಹೀಗಾಗಿ ಒಂದೇ ತುಂಡಿನ ಬಿಲ್ಲಿನಲ್ಲಿ ವರ್ಷಗಟ್ಟಲೆ ಬಾಳಿದ ಮರ ಟೇಕ್‌ಡೌನ್‌ನಲ್ಲಿ ಮೊದಲ ವಾರವೇ ಸೀಳಬಹುದು. ಮರದ ತಪ್ಪಲ್ಲ, ಲೆಕ್ಕದ ತಪ್ಪು.

ಈ ಬರಹದುದ್ದಕ್ಕೂ ಒಂದೇ ಬಿಲ್ಲನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ: ಉದ್ದ 66 ಇಂಚು (168 ಸೆಂ.ಮೀ.), ಎಳೆತ (ಹೆದೆಯನ್ನು ಹಿಂದಕ್ಕೆ ಎಳೆಯುವ ದೂರ) 28 ಇಂಚು, ಅಷ್ಟು ಎಳೆಯಲು ಬೇಕಾಗುವ ಬಲ, ಬಿಲ್ಲುಗಾರರ ಮಾತಿನಲ್ಲಿ ತೂಕ, 45 ಪೌಂಡ್. ಬಿಲ್ಲುಗಾರಿಕೆಯಲ್ಲಿ ಇಂಚು, ಪೌಂಡುಗಳೇ ಚಾಲ್ತಿಯಲ್ಲಿರುವುದರಿಂದ ಅವನ್ನು ಹಾಗೆಯೇ ಬಿಟ್ಟಿದ್ದೇನೆ. ಮರದ ಅಳತೆಗಳು ಮಿಲಿಮೀಟರಿನಲ್ಲಿವೆ. ಇನ್ನೊಂದು ಮಾತು: ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಇಲ್ಲಿ ಹೇಳುವ ಬಿಲ್ಲು ಗುರಿಹಲಗೆಗೆ ಮಾತ್ರ.

ಮೊದಲ ಹೆಜ್ಜೆ: ಕೀಲನ್ನು ತೀರ್ಮಾನಿಸಿ

ಎರಡು ಬಗೆಗಳು ಬಳಕೆಯಲ್ಲಿವೆ. ಮೊದಲನೆಯದು ಎರಡು ತುಂಡಿನದು. ಹಿಡಿಕೆಯೊಳಗೇ ಹತ್ತು ಸೆಂಟಿಮೀಟರ್ ಆಸುಪಾಸಿನ ಉಕ್ಕಿನ ಕೊಳವೆಯೋ ಗ್ಲಾಸ್ ಫೈಬರ್ ಮತ್ತು ಎಪಾಕ್ಸಿ ಅಂಟಿನಿಂದ ಮಾಡಿದ ಒರೆಯೋ ಇರುತ್ತದೆ. ಒಂದು ತುಂಡು ಇನ್ನೊಂದರೊಳಗೆ ಕೂರುತ್ತದೆ. ಹಿಡಿಕೆ ಮತ್ತು ಅದರ ಇಳಿಜಾರು ಸೇರಿ ಬಾಗದ ಭಾಗ ಸುಮಾರು 24 ಸೆಂ.ಮೀ. ಎರಡನೆಯದು ಮೂರು ತುಂಡಿನದು. ಮಧ್ಯದಲ್ಲಿ ರೈಸರ್ ಎನ್ನುವ ದಪ್ಪ ಹಿಡಿಕೆಯ ತುಂಡು, ಅದಕ್ಕೆ ಮೇಲೊಂದು ಕೆಳಗೊಂದು ಲಿಂಬ್ ಬೋಲ್ಟಿನಿಂದ ಬಿಗಿಯುವುದು. ಇಲ್ಲಿ ಬಾಗದ ಭಾಗ ಸುಲಭವಾಗಿ 46 ಸೆಂ.ಮೀ. ಮುಟ್ಟುತ್ತದೆ.

ಹಾಗಾದರೆ ನಮ್ಮ 168 ಸೆಂಟಿಮೀಟರಿನ ಬಿಲ್ಲಿನಲ್ಲಿ ಒಂದೊಂದು ಲಿಂಬ್‌ನ ದುಡಿಯುವ ಉದ್ದ ಎರಡು ತುಂಡಿನದರಲ್ಲಿ 72 ಸೆಂ.ಮೀ., ಮೂರು ತುಂಡಿನದರಲ್ಲಿ 61 ಸೆಂ.ಮೀ. ಹನ್ನೊಂದು ಸೆಂಟಿಮೀಟರ್ ತಾನೇ ಎನ್ನಬೇಡಿ. ತುದಿ ಅಷ್ಟೇ ದೂರ ಬರಬೇಕಾದರೆ ಬಾಗಿನ ತ್ರಿಜ್ಯ ಹೆಚ್ಚುಕಡಿಮೆ ಉದ್ದದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಎರಡು ತುಂಡಿನ ಬಿಲ್ಲು ಪೂರ್ತಿ ಎಳೆದಾಗ 100 ಸೆಂ.ಮೀ. ತ್ರಿಜ್ಯದಲ್ಲಿ ಬಾಗುತ್ತದೆ ಎಂದುಕೊಂಡರೆ ಮೂರು ತುಂಡಿನದು ಸುಮಾರು 72 ಸೆಂ.ಮೀ. ತ್ರಿಜ್ಯಕ್ಕೆ ಬಾಗಬೇಕಾಗುತ್ತದೆ.

ಬಾಗಿದ ಪಟ್ಟಿಯ ಮೇಲ್ಮೈ ಎಷ್ಟು ಹಿಗ್ಗುತ್ತದೆ ಎನ್ನುವುದಕ್ಕೆ ಸೂತ್ರ ಸರಳ: ದಪ್ಪವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. 15 ಮಿ.ಮೀ. ದಪ್ಪದ ಮರದ ಲಿಂಬ್ 100 ಸೆಂ.ಮೀ. ತ್ರಿಜ್ಯದಲ್ಲಿ ಬಾಗಿದರೆ ಶೇ 0.75, 72 ಸೆಂ.ಮೀ. ಆದರೆ ಶೇ 1.04. ಒಳ್ಳೆಯ ಬಿಲ್ಲುಮರ ಶೇ 0.8, ಹೆಚ್ಚೆಂದರೆ 0.9ರವರೆಗೆ ದೊಡ್ಡ ಪೆಟ್ಟಿಲ್ಲದೆ ತಾಳಿಕೊಳ್ಳುತ್ತದೆ. ಒಂದನ್ನು ದಾಟಿದ ಮೇಲೆ ಒಳಮೈಯ ನಾರು ಕುಸಿಯಲು ಆರಂಭಿಸುತ್ತದೆ, ಇಲ್ಲವೇ ಹೊರಮೈ ಸೀಳುತ್ತದೆ.

ನನ್ನ ತೀರ್ಮಾನವನ್ನು ಇಲ್ಲೇ ಹೇಳಿಬಿಡುತ್ತೇನೆ. ಮರ, ಬಿದಿರುಗಳಿಂದಲೇ ಲಿಂಬ್ ಮಾಡಬೇಕೆಂಬ ಆಸೆ ಇದ್ದರೆ ಎರಡು ತುಂಡಿನ ಕೊಳವೆ ಕೀಲಿಗೆ ಹೋಗಿ. ಬೋಲ್ಟ್ ಬಿಗಿಯುವ ಮೂರು ತುಂಡೇ ಬೇಕೆಂದಿದ್ದರೆ ಗ್ಲಾಸ್ (ಫೈಬರ್ ಗ್ಲಾಸ್ ಪಟ್ಟಿ) ಹೊದಿಸಿದ ಲಿಂಬ್ ಮಾಡಿ. ಗ್ಲಾಸ್ ಇಲ್ಲದ, 66 ಇಂಚಿನ, ಮೂರು ತುಂಡಿನ ಬಿಲ್ಲು ನೋಡಲು ಚೆಂದ. ಆದರೆ ಅದಕ್ಕೆ ಹೊಂದುವ ಮರ ಹುಡುಕುವುದಕ್ಕಿಂತ ಬಿಲ್ಲನ್ನು 72 ಇಂಚಿಗೆ ಉದ್ದ ಮಾಡುವುದು ಜಾಣತನ.

ಎರಡನೆಯ ಹೆಜ್ಜೆ: ಬೆನ್ನು, ಹೊಟ್ಟೆ, ತಿರುಳು

ಗುರಿಯ ಕಡೆಗಿರುವ ಮುಖ ಬೆನ್ನು. ಎಳೆದಾಗ ಅದು ಹಿಗ್ಗುತ್ತದೆ. ಬಿಲ್ಲುಗಾರನ ಕಡೆಗಿರುವುದು ಹೊಟ್ಟೆ, ಅದು ಕುಗ್ಗುತ್ತದೆ. ನಡುವೆ ಇರುವುದು ತಿರುಳು. ಸಾಮಾನ್ಯವಾಗಿ ಮರ ಎಳೆತವನ್ನು ತಾಳಿಕೊಂಡಷ್ಟು ಒತ್ತಡವನ್ನು ತಾಳಿಕೊಳ್ಳುವುದಿಲ್ಲ. ಆದ್ದರಿಂದ ಬೆನ್ನಿನ ಬಗ್ಗೆ ಭಯಪಡುವವರೇ ಹೆಚ್ಚಾದರೂ ನಿಜಕ್ಕೂ ಸದ್ದಿಲ್ಲದೆ ಸೋಲುವುದು ಹೊಟ್ಟೆ. ಬೆನ್ನು ಸೋತರೆ ಒಂದೇ ಏಟಿಗೆ ಬಿಲ್ಲು ಎರಡಾಗುತ್ತದೆ. ಹೊಟ್ಟೆ ಸೋತರೆ ಅಡ್ಡಡ್ಡಲಾಗಿ ಕೂದಲೆಳೆಯಂತಹ ಸುಕ್ಕುಗೆರೆಗಳು ಏಳುತ್ತವೆ, ಹೆದೆ ಬಿಚ್ಚಿದ ಮೇಲೂ ಲಿಂಬ್ ಬಾಗಿಯೇ ಉಳಿಯುತ್ತದೆ, ಬಾಣದ ವೇಗ ದಿನೇ ದಿನೇ ಇಳಿಯುತ್ತದೆ.

ಇಂಗ್ಲೆಂಡಿನ ಯೂ ಮರದ ಬಿಲ್ಲುಗಳು ಹೆಸರಾದದ್ದು ಇದೇ ಕಾರಣಕ್ಕೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ‘ಮೇರಿ ರೋಸ್’ ಹಡಗಿನಲ್ಲಿ 130ಕ್ಕೂ ಹೆಚ್ಚು ಲಾಂಗ್‌ಬೋಗಳು ಸಿಕ್ಕಿದವು. ಅವುಗಳಲ್ಲಿ ಬೆನ್ನಿಗೆ ಮರದ ಬಿಳಿ ಹೊರಭಾಗ, ಹೊಟ್ಟೆಗೆ ಕೆಂಪು ಚೇಗು. ಹಿಗ್ಗಲು ಒಂದು, ಕುಗ್ಗಲು ಇನ್ನೊಂದು, ಎರಡೂ ಒಂದೇ ಕಾಂಡದಲ್ಲಿ. ನಮ್ಮ ಹಿಮಾಲಯದ ಯೂ ಮರ ಅಳಿವಿನಂಚಿನಲ್ಲಿದೆ, ಅದರ ವ್ಯಾಪಾರ ನಿಯಂತ್ರಣದಲ್ಲಿದೆ. ಅದನ್ನು ಹುಡುಕುತ್ತಾ ಹೋಗಬೇಡಿ. ಯೂ ಮರ ತಾನಾಗಿಯೇ ಕೊಡುವ ಆ ಎರಡು ಗುಣಗಳನ್ನು ನಾವು ಬೇರೆ ಬೇರೆ ಪಟ್ಟಿಗಳಿಂದ ಅಂಟಿಸಿ ಪಡೆಯುತ್ತೇವೆ, ಅಷ್ಟೆ.

ಗ್ಲಾಸ್ ಹೊದಿಸಿದ ಲಿಂಬ್

ಇಲ್ಲಿ ಗ್ಲಾಸ್ ಎಂದರೆ ಎಳೆಗಳೆಲ್ಲ ಒಂದೇ ದಿಕ್ಕಿಗೆ ಓಡುವ, ಎಪಾಕ್ಸಿಯಲ್ಲಿ ಗಟ್ಟಿಯಾದ ಫೈಬರ್ ಗ್ಲಾಸ್ ಪಟ್ಟಿ. ಅಮೆರಿಕದ ಗಾರ್ಡನ್ ಕಾಂಪೋಸಿಟ್ಸ್ ಮಾಡುವ ‘ಬೋ-ಟಫ್’ ಈ ಕೆಲಸಕ್ಕೆ ಬಹುಕಾಲದಿಂದ ಬಳಕೆಯಲ್ಲಿದೆ. ಲಾಂಗ್‌ಬೋಗೆ 0.040 ಅಥವಾ 0.050 ಇಂಚಿನ, ಅಂದರೆ ಸುಮಾರು 1 ಅಥವಾ 1.25 ಮಿ.ಮೀ. ದಪ್ಪದ ಪಟ್ಟಿ ಸಾಕು. ನೀರಿನ ಟ್ಯಾಂಕಿಗೆ, ದೋಣಿಗೆ ಬಳಿಯುವ ಗ್ಲಾಸ್ ಮ್ಯಾಟ್ ನಮ್ಮ ಊರಿನ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಅದರಲ್ಲಿ ಎಳೆಗಳು ಅಡ್ಡಾದಿಡ್ಡಿ ಇರುವುದರಿಂದ ಉದ್ದಕ್ಕೆ ದುಡಿಯುವುದು ಅವುಗಳಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ಬರೀ ಭಾರ. ಬಿಲ್ಲಿಗೆ ಅದು ಬೇಡ.

ಗ್ಲಾಸ್ ಹೊದಿಸಿದ ಮೇಲೆ ತಿರುಳಿನ ಮರಕ್ಕೆ ಎಷ್ಟು ಬೆಲೆ? ಲೆಕ್ಕ ಹಾಕಿಯೇ ನೋಡೋಣ. ಹಿಡಿಕೆಯ ಹತ್ತಿರ ಲಿಂಬ್ 12 ಮಿ.ಮೀ. ದಪ್ಪ, ಎರಡೂ ಮುಖಕ್ಕೆ 1 ಮಿ.ಮೀ. ಗ್ಲಾಸ್; ನಡುವೆ 10 ಮಿ.ಮೀ. ಮೇಪಲ್. ಎಂಜಿನಿಯರುಗಳು ಯಂಗ್ ಗುಣಾಂಕ ಎನ್ನುವ ಬಿಗುವು ಗ್ಲಾಸಿಗೆ ಸುಮಾರು 40 ಗಿಗಾಪಾಸ್ಕಲ್, ಗಟ್ಟಿ ಮೇಪಲ್‌ಗೆ 12.6. ಬಾಗನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ ತಿರುಳಿನ ಆಕಾರದ ಪಾಲು ಹತ್ತನ್ನು ಹನ್ನೆರಡರಿಂದ ಭಾಗಿಸಿ ಘನ ಮಾಡಿದಷ್ಟು, ಅಂದರೆ 0.58, ಉಳಿದ 0.42 ಗ್ಲಾಸಿನದು. ಬಿಗುವಿನಿಂದ ಗುಣಿಸಿದರೆ ತಿರುಳಿನದು 7.3, ಗ್ಲಾಸಿನದು 16.8. ಒಟ್ಟು ಕೆಲಸದಲ್ಲಿ ಶೇ 70ನ್ನು ಎರಡು ಮಿಲಿಮೀಟರ್ ಗ್ಲಾಸೇ ಮಾಡುತ್ತಿದೆ. ತುದಿಯ ಕಡೆ ಲಿಂಬ್ 7 ಮಿ.ಮೀ.ಗೆ ತೆಳುವಾದಾಗ ಗ್ಲಾಸಿನ ಪಾಲು ಶೇ 85ರ ಹತ್ತಿರಕ್ಕೆ ಏರುತ್ತದೆ.

ಈಗ ಮೇಪಲ್ ತೆಗೆದು 15 ಗಿಗಾಪಾಸ್ಕಲ್ ಬಿಗುವಿನ ಬಿದಿರನ್ನು ತಿರುಳಿಗೆ ಇಟ್ಟರೆ? ತಿರುಳು ಶೇ 19ರಷ್ಟು ಬಿಗಿಯಾಯಿತು, ಆದರೆ ಇಡೀ ಲಿಂಬ್ ಬಿಗಿಯಾದದ್ದು ಶೇ 6ರಷ್ಟೂ ಅಲ್ಲ. ದಪ್ಪವನ್ನು ಕಾಲು ಮಿಲಿಮೀಟರ್ ಇಳಿಸಿದರೆ ಆ ವ್ಯತ್ಯಾಸವೇ ಮಾಯ. ತಿರುಳಿನ ಮರದ ಹೆಸರಿನ ಮೇಲೆ ನಡೆಯುವ ವಾದಗಳಲ್ಲಿ ಅರ್ಧಕ್ಕರ್ಧ ಈ ಕಾಲು ಮಿಲಿಮೀಟರಿನ ಮೇಲಿನ ವಾದ.

ಹಾಗೆಂದು ಏನು ಇಟ್ಟರೂ ನಡೆಯುತ್ತದೆ ಎಂದಲ್ಲ. ತಿರುಳಿಗೆ ಬೇಕಾದ ಗುಣಗಳು ಬೇರೆ. ಹಗುರವಾಗಿರಬೇಕು, ಏಕೆಂದರೆ ತುದಿಯ ಭಾರ ಬಾಣದ ವೇಗವನ್ನು ತಿನ್ನುತ್ತದೆ, ಬಿಟ್ಟಾಗ ಕೈಗೆ ಜುಮ್ಮೆನ್ನುವ ಹೊಡೆತವನ್ನೂ ಕೊಡುತ್ತದೆ. ಬೆನ್ನೂ ಹೊಟ್ಟೆಯೂ ಒಂದರ ಮೇಲೊಂದು ಜಾರಲು ನೋಡುವಾಗ ನಡುವೆ ಸೀಳಬಾರದು. ಅಂಟು ಚೆನ್ನಾಗಿ ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಉದ್ದಕ್ಕೂ ಒಂದೇ ಸಮನಾಗಿರಬೇಕು. ಈ ದೃಷ್ಟಿಯಿಂದ ಅಮೆರಿಕದಲ್ಲಿ ಬಿದಿರು, ಮೇಪಲ್, ರೆಡ್ ಎಲ್ಮ್‌ಗಳೇ ಮುಂದೆ. ನಮ್ಮಲ್ಲಿ ಪದರ ಬಿದಿರಿನ ನೆಲಹಾಸು ಹಲಗೆ ಸಿಗುತ್ತದೆ. ಅದರಲ್ಲಿ ಬಿದಿರಿನ ಪಟ್ಟಿಗಳನ್ನು ನಿಲ್ಲಿಸಿ ಅಂಟಿಸಿದ ಬಗೆಯನ್ನು ಸಾ ಮಿಲ್‌ನಲ್ಲಿ ತೆಳುವಾಗಿ ಸೀಳಿಸಿದರೆ ತಿರುಳಿಗೆ ಹೇಳಿ ಮಾಡಿಸಿದಂತಿರುತ್ತದೆ. ವಿದೇಶದ ಹವ್ಯಾಸಿಗಳೂ ಹೀಗೆಯೇ ಮಾಡುತ್ತಾರೆ. ಹಲಗೆಯ ಮೇಲಿನ ಮೆರುಗನ್ನು ಪೂರ್ತಿ ತೆಗೆಯಿರಿ. ನೇರ ಎಳೆಯ ತೇಗವೂ ತಿರುಳಿಗೆ ಆಗಬಹುದು. ಬಿಗುವು ಮೇಪಲ್‌ಗಿಂತ ಸ್ವಲ್ಪ ಕಡಿಮೆ, ಭಾರವೂ ಕಡಿಮೆ. ಆದರೆ ತೇಗದ ಎಣ್ಣೆಯ ಅಂಶ ಅಂಟಿಗೆ ಶತ್ರು, ಅಂಟಿಸುವ ಸ್ವಲ್ಪ ಮೊದಲು ಅಸಿಟೋನಿನಲ್ಲಿ ಒರೆಸಲೇಬೇಕು. ಬೀಟೆ ಮರವನ್ನು ರೈಸರ್‌ಗೆ ಇಟ್ಟುಕೊಳ್ಳಿ. ಲಿಂಬ್‌ನ ಒಳಗೆ ಅದು ದುಬಾರಿ ಭಾರ.

ಗ್ಲಾಸಿನಿಂದ ಆಗುವ ಇನ್ನೊಂದು ಉಪಕಾರವನ್ನು ಜನ ಗಮನಿಸುವುದಿಲ್ಲ. ಇದೇ ಶಕ್ತಿಗೆ ಬರೀ ಮೇಪಲ್ ಆದರೆ 15 ಮಿ.ಮೀ. ದಪ್ಪ ಬೇಕು; ಗ್ಲಾಸ್ ಇದ್ದರೆ 12 ಸಾಕು. 72 ಸೆಂಟಿಮೀಟರ್ ತ್ರಿಜ್ಯದಲ್ಲಿ ಬಾಗಿದಾಗ ಗ್ಲಾಸಿನ ಮೇಲ್ಮೈ ಹಿಗ್ಗುವುದು ಶೇ 0.83, ಅದರ ಕೆಳಗಿರುವ ಮರ ಹಿಗ್ಗುವುದು ಶೇ 0.69 ಮಾತ್ರ. ಗ್ಲಾಸ್ ಶೇ 2ರವರೆಗೂ ತಡೆದುಕೊಳ್ಳಬಲ್ಲದು, ಮರವೂ ನೆಮ್ಮದಿಯ ಮಿತಿಯೊಳಗೇ ಉಳಿಯಿತು. ಮೂರು ತುಂಡಿನ ಬಿಲ್ಲಿಗೆ ಗ್ಲಾಸ್ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಕಾರ್ಬನ್? ಬಿಗುವು ಗ್ಲಾಸಿನ ಮೂರರಷ್ಟು, ಭಾರ ಕಡಿಮೆ. ಆದರೆ ಅದು ಹಿಗ್ಗುವ ಮಿತಿ ಗ್ಲಾಸಿಗಿಂತ ಕಡಿಮೆ, ಸಣ್ಣ ಗೀರಿಗೂ ಅದು ಮುನಿಯುತ್ತದೆ. ಮೊದಲ ಒಂದೆರಡು ಬಿಲ್ಲುಗಳಿಗೆ ಬೇಡ.

ಪೂರ್ತಿ ಮರದ ಲಿಂಬ್

ಇಲ್ಲಿ ಬೆನ್ನಿಗೆ ಎರಡೇ ಗಂಭೀರ ಅಭ್ಯರ್ಥಿಗಳು: ಬಿದಿರು ಮತ್ತು ಹಿಕರಿ. ಹಿಕರಿ ಉತ್ತರ ಅಮೆರಿಕದ ಮರ. ಡ್ರಮ್ ಬಾರಿಸುವ ಕೋಲು, ಸುತ್ತಿಗೆಯ ಕಾವುಗಳಾಗಿ ನಮ್ಮಲ್ಲಿಗೂ ಬರುತ್ತದೆ, ಹಲಗೆಯಾಗಿ ಸಿಗುವುದು ಅಪರೂಪ. ಬಿಗುವು ಸುಮಾರು 15 ಗಿಗಾಪಾಸ್ಕಲ್. ಎಳೆತದಲ್ಲಿ ಅದನ್ನು ಮುರಿಯುವುದು ಕಷ್ಟ. ಹೊಟ್ಟೆಗೆ ಅಮೆರಿಕದವರ ಮೊದಲ ಆಯ್ಕೆ ಓಸೇಜ್ ಆರೆಂಜ್, ಎರಡನೆಯದು ದಕ್ಷಿಣ ಅಮೆರಿಕದ ಇಪೆ. ಇಪೆ ನೀರಿನಲ್ಲಿ ಮುಳುಗುವಷ್ಟು ಭಾರ, ಬಿಗುವು 20 ಗಿಗಾಪಾಸ್ಕಲ್ ಮೇಲೆ. ಅದು ಹೊರಾಂಗಣದ ನೆಲಹಾಸಿಗೆ ಆಮದಾಗುತ್ತದೆ. ದೊಡ್ಡ ಊರುಗಳ ಗುತ್ತಿಗೆದಾರರ ಬಳಿ ಉಳಿಕೆ ತುಂಡುಗಳನ್ನು ಕೇಳಿ ನೋಡಬಹುದು. ಭಾರವಾದ ಮರ ಎಂದು ಹೆದರಬೇಡಿ, ಲಿಂಬನ್ನು ಕಿರಿದಾಗಿ ಮಾಡಿದರೆ ಭಾರ ಸರಿಹೋಗುತ್ತದೆ. ಅದರ ಹುಡಿ ಮಾತ್ರ ಗಂಟಲು, ಚರ್ಮ ಎರಡನ್ನೂ ಕೆರಳಿಸುತ್ತದೆ, ಮುಖಗವಸು ಇಲ್ಲದೆ ಉಜ್ಜಬೇಡಿ.

ನಮ್ಮ ಕಾಡಿನ ಮರಗಳಲ್ಲಿ ನಾನು ಮೊದಲು ಕೈಗೆತ್ತಿಕೊಳ್ಳುವುದು ತಡಸಲು. ಗಾಡಿಯ ಮೂಕಿಗೆ, ಕೊಡಲಿ ಕಾವಿಗೆ ಹಳ್ಳಿಯವರು ಅದನ್ನು ಆರಿಸಿದ್ದು ಬಾಗಿ ಮರಳುವ ಗುಣಕ್ಕಾಗಿಯೇ. ದಿಂಡಿಗ ಇನ್ನೂ ಗಟ್ಟಿ. ಆದರೆ ಒಣಗುವಾಗ ತಿರುಚಿಕೊಳ್ಳುತ್ತದೆ, ನೇರ ಎಳೆಯ ತುಂಡು ಸಿಕ್ಕರೆ ಬಿಡಬೇಡಿ. ಒಂದೇ ಮರದ ಹೆಸರಿನಲ್ಲಿ ಬರುವ ಎರಡು ತುಂಡುಗಳು ಅಣ್ಣತಮ್ಮಂದಿರಂತೆ ಇರಬೇಕೆಂದೇನೂ ಇಲ್ಲ, ಆದ್ದರಿಂದ ಯಾವ ಹೆಸರಿಗಿಂತಲೂ ಮುಂದೆ ಹೇಳುವ ಪರೀಕ್ಷೆಯನ್ನು ನಂಬಿ. ರಸೀದಿ ಕೊಡುವ ಮರದ ಡಿಪೋದಿಂದಲೇ ಕೊಳ್ಳಿ.

ಬೆನ್ನಿಗೆ ಬಿದಿರು ಹಾಕಿದಾಗ ಹೊಟ್ಟೆಯ ಮರ ಮೃದುವಾಗಿರಬಾರದು. ಬಿದಿರಿನ ಹೊರಮೈ ಅದೆಷ್ಟು ಬಲವಾದದ್ದೆಂದರೆ ತಾನು ಹಿಗ್ಗದೆ ಹೊರೆಯನ್ನೆಲ್ಲ ಹೊಟ್ಟೆಗೆ ದಾಟಿಸುತ್ತದೆ. ತೇಗವನ್ನು ಹೊಟ್ಟೆಗೆ ಇಡಬೇಡಿ ಎನ್ನುವುದು ಇದಕ್ಕೆ. ಇಪೆಯಾದರೆ ತಾಳುತ್ತದೆ, ಗಟ್ಟಿ ತಡಸಲಾದರೆ ಪರೀಕ್ಷಿಸಿ ನೋಡಬಹುದು. ಬಿದಿರನ್ನು ನಡುಗೆರೆಯಲ್ಲಿ 3 ಮಿ.ಮೀ. ದಪ್ಪಕ್ಕೆ, ಅಂಚುಗಳಲ್ಲಿ 1 ಮಿ.ಮೀ.ಗೆ ಇಳಿಸುವುದೂ ಹೊಟ್ಟೆಯನ್ನು ಉಳಿಸಲಿಕ್ಕೇ.

ನೀವಿರುವ ಊರಿನ ಗಾಳಿ

ಅಮೆರಿಕದ ಕೈಪಿಡಿಗಳನ್ನು ಓದಿ ಮರ ಆರಿಸುವವರು ಎಡವುವುದು ಇಲ್ಲಿ. ಮರದೊಳಗಿನ ತೇವಾಂಶ ಸುತ್ತಲಿನ ಗಾಳಿಯನ್ನು ಹಿಂಬಾಲಿಸುತ್ತದೆ. ಗಾಳಿಯ ತೇವ ಶೇ 30 ಇದ್ದರೆ ಮರ ಕೊನೆಗೆ ಶೇ 6ಕ್ಕೆ ನಿಲ್ಲುತ್ತದೆ. ಶೇ 65ಕ್ಕೆ 12. ಶೇ 85ಕ್ಕೆ 17ರಿಂದ 18. ಮರದ ಬಿಲ್ಲಿಗೆ ಹಿತವಾದದ್ದು 8ರಿಂದ 10. ಆಷಾಢದಲ್ಲಿ ಮಂಗಳೂರಿನಲ್ಲೋ ಕಾರವಾರದಲ್ಲೋ ಗೋಡೆಗೆ ತೂಗುಹಾಕಿದ ಬಿಲ್ಲು 17 ಮುಟ್ಟುತ್ತದೆ, ಮರ ಮೆತ್ತಗಾಗಿ ಬಾಗು ಉಳಿದುಬಿಡುತ್ತದೆ. ಏಪ್ರಿಲ್ ಮಧ್ಯಾಹ್ನದ ಕಲಬುರಗಿಯಲ್ಲಿ ಅದೇ ಬಿಲ್ಲು 6ಕ್ಕಿಂತ ಕೆಳಗಿಳಿದು ಗಡುಸಾಗಿ ಸೀಳುವ ಅಪಾಯ.

ಹಿಕರಿ ಒಣ ಹವೆಯಲ್ಲಿ ಚುರುಕು, ತೇವ ಕುಡಿದರೆ ಮಂಕು. ಆದ್ದರಿಂದ ರಾಯಚೂರು, ಬಳ್ಳಾರಿಯವರಿಗೆ ಹಿಕರಿ ಒಳ್ಳೆಯ ಆಯ್ಕೆ, ಕರಾವಳಿಯವರಿಗೆ ಕೆಟ್ಟದ್ದು. ಕರಾವಳಿ, ಮಲೆನಾಡಿನವರು ಎಣ್ಣೆಯ ಅಂಶವಿರುವ ಇಪೆಯಂತಹ ಹೊಟ್ಟೆಗೆ ಹೋಗಲಿ, ಇಲ್ಲವೇ ಗ್ಲಾಸ್ ಹೊದಿಸಲಿ. ಗ್ಲಾಸಿನ ಲಿಂಬ್‌ಗೆ ಮಳೆಗಾಲದ ಗೊಡವೆ ಕಡಿಮೆ. ಬೆಂಗಳೂರು, ಮೈಸೂರಿನ ಹವೆ ಇವೆರಡರ ನಡುವಿನದು, ಅಲ್ಲಿನವರು ಯಾವುದನ್ನಾದರೂ ಆರಿಸಬಹುದು.

ಬಿದಿರು ಆರಿಸುವ ಕೆಲಸ

ಕರ್ನಾಟಕದಲ್ಲಿ ಕುಳಿತು ಬಿಲ್ಲು ಮಾಡುವವರ ದೊಡ್ಡ ಅನುಕೂಲ ಬಿದಿರು. ಮೈಸೂರು, ಬೆಂಗಳೂರಿನಲ್ಲಿ ಬಂಬೂ ಬಜಾರ್‌ಗಳಿವೆ, ಅನೇಕ ಊರುಗಳಲ್ಲಿ ಮೇದಾರ ಕೇರಿ ಇದೆ. ಬಿದಿರನ್ನು ಎಳೆ ತಪ್ಪದಂತೆ ಸೀಳುವುದರಲ್ಲಿ ಮೇದಾರರ ಕೈಗೆ ಸಮ ಇಲ್ಲ. ನೀವೇ ಕತ್ತಿ ಹಿಡಿಯುವುದಕ್ಕಿಂತ ಅವರಿಂದಲೇ ಸೀಳಿಸಿಕೊಳ್ಳಿ. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಕಾಡಿನ ಹೊರಗೆ ಬೆಳೆದ ಬಿದಿರು ‘ಮರ’ದ ವ್ಯಾಖ್ಯೆಯಿಂದ ಹೊರಬಂದಿದೆ. ಆದ್ದರಿಂದ ತೋಟದಲ್ಲಿ ಬೆಳೆದ ಬಿದಿರು ಕೊಳ್ಳುವುದು ಈಗ ಹಿಂದಿಗಿಂತ ಸಲೀಸು.

ಬೆನ್ನಿಗೆ ಹೆಬ್ಬಿದಿರು ನೋಡಿ. ಗಳದ ಅಡ್ಡಳತೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚಿದ್ದಷ್ಟೂ ಸೀಳಿದ ಪಟ್ಟಿಯ ಉಬ್ಬು ಕಡಿಮೆ. ಕಿರುಬಿದಿರು ಗಟ್ಟಿಯೇ, ಒಳಗೆ ಪೊಳ್ಳೂ ಕಡಿಮೆ. ಆದರೆ ಗಳ ಸಪೂರವಾದ್ದರಿಂದ ಪಟ್ಟಿಯ ಬೆನ್ನು ಗೂನಾಗುತ್ತದೆ, ಎಳೆತವೆಲ್ಲ ಆ ಗೂನಿನ ಒಂದು ಗೆರೆಯ ಮೇಲೆ ಬೀಳುತ್ತದೆ. ಅದನ್ನು ತಿರುಳಿನ ಪಟ್ಟಿಗಳಿಗೆ ಬಳಸಿ.

ಗಳಕ್ಕೆ ಮೂರು ವರ್ಷವಾದರೂ ತುಂಬಿರಬೇಕು. ಎಳೆಯ ಗಳ ಹಸಿರಾಗಿ ಹೊಳೆಯುತ್ತದೆ, ಗಿಣ್ಣುಗಳಲ್ಲಿ ಪೊರೆ ಉಳಿದಿರುತ್ತದೆ. ಬಲಿತ ಗಳ ಮಂಕಾಗಿ ಹಳದಿಗೆ ತಿರುಗಿರುತ್ತದೆ, ಬೆರಳಿನ ಗೆಣ್ಣಿನಿಂದ ಬಡಿದರೆ ಕಣಕಣ ಎನ್ನುತ್ತದೆ. ಮಳೆಗಾಲದಲ್ಲಿ ಕಡಿದ ಗಳದಲ್ಲಿ ಪಿಷ್ಟ ಹೆಚ್ಚು, ಬೇಗ ಕುಟ್ಟೆ ಹಿಡಿಯುತ್ತದೆ. ಕೃಷ್ಣಪಕ್ಷದಲ್ಲಿ ಕಡಿಯಬೇಕೆನ್ನುವ ಹಿರಿಯರ ಮಾತಿನ ಮೇಲೆ ನನಗೆ ಅಭಿಪ್ರಾಯವಿಲ್ಲ. ಚಳಿಗಾಲದಲ್ಲಿ ಕಡಿಯಬೇಕೆಂಬುದರ ಮೇಲೆ ಇದೆ. ಅಂಗಡಿಯಲ್ಲಿ ಗಳದ ಬುಡದಲ್ಲಿ ಹಿಟ್ಟಿನಂತಹ ಹುಡಿ ಬಿದ್ದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಬಿದಿರಿನ ಬಲವೆಲ್ಲ ಹೊರಮೈಯಲ್ಲಿ. ಅಡ್ಡಕ್ಕೆ ಕೊಯ್ದು ನೋಡಿದರೆ ಕಪ್ಪು ಚುಕ್ಕೆಗಳು ಹೊರಗಡೆ ಒತ್ತೊತ್ತಾಗಿ, ಒಳಕ್ಕೆ ಹೋದಂತೆ ವಿರಳವಾಗಿ ಕಾಣುತ್ತವೆ. ಆ ಚುಕ್ಕೆಗಳೇ ನಾರಿನ ಕಂತೆಗಳು. ಹೀಗಾಗಿ ಕೆತ್ತುವುದೇನಿದ್ದರೂ ಒಳಮೈಯನ್ನು. ಹೊರಗಿನಿಂದ ಮೇಣದಂತಹ ಹಸಿರು ಪೊರೆಯನ್ನು ಮಾತ್ರ ಗಾಜಿನ ಚೂರಿನಿಂದಲೋ ತಗಡಿನ ಅಂಚಿನಿಂದಲೋ ಕೆರೆದು ತೆಗೆಯಿರಿ. ಗಿಣ್ಣು ಉಬ್ಬಿದ್ದರೆ ಉಬ್ಬಿಯೇ ಇರಲಿ, ಸಮತಟ್ಟು ಮಾಡಲು ಹೋದರೆ ಗಿಣ್ಣಿನಲ್ಲಿ ಹಾಯುವ ನಾರುಗಳನ್ನೇ ಕತ್ತರಿಸಿದಂತೆ. ಬಿಲ್ಲು ಮುರಿಯುವುದಾದರೆ ಆ ಗಿಣ್ಣಿನಲ್ಲೇ ಮುರಿಯುತ್ತದೆ.

ಮೇಜಿನ ಮೇಲಿನ ಪರೀಕ್ಷೆ

ಯಾವ ಮರವಾದರೂ ಲಿಂಬ್‌ಗೆ ಮೊದಲು ಈ ಪರೀಕ್ಷೆ ಪಾಸಾಗಲಿ. ಹಲಗೆಯ ಅಂಚಿನಿಂದ 65 ಸೆಂ.ಮೀ. ಉದ್ದ, 20 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಪಟ್ಟಿ ತೆಗೆದುಕೊಳ್ಳಿ. ದಪ್ಪವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ನಾಲ್ಕೈದು ಕಡೆ ಅಳೆಯಿರಿ. 10ರ ಬದಲು 10.2 ಇದ್ದರೂ ಉತ್ತರ ಶೇ 6ರಷ್ಟು ತಪ್ಪುತ್ತದೆ.

ಪಟ್ಟಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಕ್ಕೊಮ್ಮೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಮರ ಇನ್ನೂ ಒಣಗುತ್ತಿದೆ, ಕಾಯಿರಿ. ತೂಕ ನಿಂತ ಮೇಲೆ ಗ್ರಾಂಗಳನ್ನು 130ರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ: 90 ಗ್ರಾಂ ಎಂದರೆ 0.69.

ಈಗ ಎರಡು ಆಸರೆಗಳನ್ನು ಸರಿಯಾಗಿ 60 ಸೆಂ.ಮೀ. ಅಂತರದಲ್ಲಿಟ್ಟು ಪಟ್ಟಿಯನ್ನು ಮಲಗಿಸಿ, ನಟ್ಟನಡುವೆ 5 ಕೆ.ಜಿ. ತೂಗುಹಾಕಿ. ನೀರು ತುಂಬಿದ ಕ್ಯಾನ್ ಸಾಕು, ಕ್ಯಾನಿನ ತೂಕವನ್ನೂ ಸೇರಿಸಿ ತೂಗಿ. ನಡುಭಾಗ ಎಷ್ಟು ಮಿಲಿಮೀಟರ್ ಇಳಿಯಿತು ಅಳೆದುಕೊಳ್ಳಿ. 132ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಗಿಗಾಪಾಸ್ಕಲ್‌ನಲ್ಲಿ ಬಿಗುವು ಸಿಗುತ್ತದೆ. 11 ಮಿ.ಮೀ. ಇಳಿದರೆ 12, 8.8 ಇಳಿದರೆ 15, 6.6 ಇಳಿದರೆ 20. (ಸೂತ್ರ ಈ ಅಳತೆಯ ಪಟ್ಟಿಗೆ ಮಾತ್ರ.)

ಇನ್ನು ನಿಜವಾದ ಪರೀಕ್ಷೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಆಸರೆಗಳನ್ನು ಭದ್ರಪಡಿಸಿ. ನಡುವೆ ಹಗ್ಗ ಕಟ್ಟಿ 48 ಮಿ.ಮೀ. ಕೆಳಗಿಳಿಯುವವರೆಗೆ ನಿಧಾನವಾಗಿ ಎಳೆಯಿರಿ. ಮರಕ್ಕೆ ತಕ್ಕಂತೆ ಇದಕ್ಕೆ 20ರಿಂದ 35 ಕೆ.ಜಿ. ಬಲ ಬೇಕಾಗುತ್ತದೆ. ಈಗ ಪಟ್ಟಿಯ ಮೇಲ್ಮೈ ಶೇ 0.8 ಹಿಗ್ಗಿದೆ, ಅಂದರೆ ಬಿಲ್ಲಿನಲ್ಲಿ ಅನುಭವಿಸಲಿರುವಷ್ಟೇ. ಎರಡು ನಿಮಿಷ ಹಿಡಿದು ಬಿಡಿ. ನೇರ ಅಂಚಿನ ಸ್ಕೇಲನ್ನು ಪಟ್ಟಿಗೆ ತಾಗಿಸಿ ಹಿಡಿದು ನಡುವೆ ಎಷ್ಟು ಬಾಗು ಉಳಿದಿದೆ ನೋಡಿ. ನನ್ನ ಲೆಕ್ಕದಲ್ಲಿ 1 ಮಿ.ಮೀ. ಒಳಗಿದ್ದರೆ ಹೊಟ್ಟೆಗೆ ಯೋಗ್ಯ. 2 ಇದ್ದರೆ ತಿರುಳಿಗೆ. 3 ದಾಟಿದರೆ ಬೇರೇನಾದರೂ ಮಾಡಿ, ಬಿಲ್ಲು ಬೇಡ.

ಕೆಲವು ಪಟ್ಟಿಗಳು ಮುರಿಯುತ್ತವೆ. ಮುರಿದ ಬಗೆಯನ್ನು ಗಮನಿಸಿ. ಉದ್ದುದ್ದ ಸಿಬಿರು ಎದ್ದು ಚರಚರ ಸದ್ದಿನೊಂದಿಗೆ ಮುರಿದರೆ ಮರ ಒಳ್ಳೆಯದೇ, ಎಳೆ ಓರೆಯಾಗಿದ್ದಿರಬೇಕು. ಸೌತೆಕಾಯಿ ಮುರಿದಂತೆ ಅಡ್ಡಕ್ಕೆ ಟಕ್ಕೆಂದು ಮುರಿದರೆ ಆ ಹಲಗೆಯ ಉಳಿದ ಭಾಗವನ್ನೂ ಲಿಂಬ್‌ಗೆ ಬಳಸಬೇಡಿ.

ಎಳೆ ಓರೆಯೇ ನೇರವೇ ಎಂದು ಮೊದಲೇ ತಿಳಿಯಲು, ಚೆನ್ನಾಗಿ ಉಜ್ಜಿದ ಮೇಲ್ಮೈಗೆ ಫೌಂಟನ್ ಪೆನ್ನಿನ ಒಂದು ಹನಿ ಶಾಯಿ ಬಿಡಿ. ಶಾಯಿ ನಾರಿನ ದಾರಿಯಲ್ಲೇ ಹರಿಯುತ್ತದೆ. ಕಣ್ಣಿಗೆ ಕಾಣುವ ರೇಖೆಗಳು ಎಷ್ಟೋ ಸಲ ಮೋಸ ಮಾಡುತ್ತವೆ. ಎರಡು ಪಕ್ಕದ ಮುಖಗಳಲ್ಲೂ ನೋಡಿ.

ಜೋಡಿ ಹೊಂದಿಸುವುದು

ಒಂದೇ ತುಂಡಿನ ಬಿಲ್ಲಿನಲ್ಲಿ ಎರಡೂ ತೋಳುಗಳು ಒಂದೇ ಹಲಗೆಯಿಂದ ಬರುತ್ತವೆ. ಟೇಕ್‌ಡೌನ್‌ನಲ್ಲಿ ಅವು ಬೇರೆ ಬೇರೆ ತುಂಡುಗಳಾದ್ದರಿಂದ ಯಮಳರನ್ನು ಹುಡುಕುವ ಹೊಣೆ ನಿಮ್ಮದು. ಒಂದೇ ಹಲಗೆಯ ಅಕ್ಕಪಕ್ಕದ ಸೀಳುಗಳನ್ನು ಎರಡು ಲಿಂಬ್‌ಗೆ ಹಂಚಿ. ಸೀಳುವ ಮೊದಲೇ ಹಲಗೆಯ ಅಂಚಿನಲ್ಲಿ ಒಂದು ಓರೆ ಗೆರೆ ಎಳೆದುಕೊಂಡರೆ ಯಾವುದರ ಪಕ್ಕ ಯಾವುದಿತ್ತೆಂದು ಆಮೇಲೂ ತಿಳಿಯುತ್ತದೆ. ಬಿದಿರಾದರೆ ಒಂದೇ ಗಳದ ನೆರೆಯ ಎರಡು ಸೀಳುಗಳನ್ನು ತೆಗೆದುಕೊಂಡು ಎರಡರ ಬುಡವೂ ಹಿಡಿಕೆಯ ಕಡೆಗೇ ಬರುವಂತೆ ಇಡಿ. ಆಗ ಗಿಣ್ಣುಗಳೂ ಎರಡೂ ಕಡೆ ಒಂದೇ ದೂರದಲ್ಲಿ ಕೂರುತ್ತವೆ. ಉದ್ದದ ಒಂದೇ ಸೀಳನ್ನು ನಡುವೆ ಕತ್ತರಿಸಿ ಹಂಚಿದರೆ ಒಂದು ಲಿಂಬ್‌ಗೆ ಬುಡದ ಬಿದಿರು, ಇನ್ನೊಂದಕ್ಕೆ ತುದಿಯ ಬಿದಿರು ಬರುತ್ತದೆ, ಎರಡೂ ಒಂದೇ ಬಗೆಯಲ್ಲಿ ಬಾಗುವುದಿಲ್ಲ.

ಪಟ್ಟಿಗಳ ದಪ್ಪದಲ್ಲಿ ಸಡಿಲ ಬೇಡ. ಹತ್ತು ಮಿಲಿಮೀಟರ್ ದಪ್ಪದಲ್ಲಿ 0.1 ಮಿ.ಮೀ. ವ್ಯತ್ಯಾಸವೆಂದರೆ ಬಿಗುವಿನಲ್ಲಿ ಶೇ 3. 45 ಪೌಂಡಿನ ಬಿಲ್ಲಿನಲ್ಲಿ ಅದು ಒಂದು ಪೌಂಡಿಗಿಂತ ಹೆಚ್ಚು. ಪೂರ್ತಿ ಮರದ ಲಿಂಬನ್ನು ಆಮೇಲೆ ಕೆರೆದು ಸರಿಮಾಡಬಹುದು, ಗ್ಲಾಸ್ ಹೊದಿಸಿದ ಮೇಲೆ ದಪ್ಪವನ್ನು ಮುಟ್ಟುವಂತಿಲ್ಲ, ಅಂಚುಗಳಲ್ಲಿ ಅಗಲ ಇಳಿಸುವುದಷ್ಟೇ ದಾರಿ.

ಬುಡ, ತುದಿ, ಅಂಟು

ಮೂರು ತುಂಡಿನ ಲಿಂಬ್‌ನ ಬುಡದಲ್ಲಿ ಬೋಲ್ಟಿಗೆ ತೂತು ಬೀಳುತ್ತದೆ. ಮರ ಸೀಳುವುದು ಅಲ್ಲಿಂದಲೇ. ಆದ್ದರಿಂದ ತೂತು ಇರುವ ಭಾಗ ಬಾಗದಂತೆ ಗಟ್ಟಿಮರದ ಬೆಣೆಯನ್ನು ಪದರಗಳ ನಡುವೆ ಸೇರಿಸಿ, ಮೇಲೆ ಎಳೆ ಅಡ್ಡಕ್ಕೆ ಬರುವ ಇನ್ನೊಂದು ತೆಳು ಪಟ್ಟಿಯನ್ನೋ ಗ್ಲಾಸನ್ನೋ ಅಂಟಿಸಿ. ಎಂಟು ಮಿಲಿಮೀಟರಿನ ಬೋಲ್ಟ್, ಲಿಂಬ್ ತಿರುಗದಂತೆ ಜೊತೆಗೆ ಮೊಳೆ ಗಾತ್ರದ ಎರಡು ಪಿನ್ನುಗಳು ಸಾಕು. ತುದಿಗೆ ಕೊಂಬು ಅಥವಾ ಬೀಟೆಯ ಚಿಕ್ಕ ಹೊದಿಕೆ ಇರಲಿ. ಹಿಗ್ಗದ ಆಧುನಿಕ ಹೆದೆಗಳು ಬರೀ ಮರದ ಕಚ್ಚನ್ನು ಕೊಯ್ಯುತ್ತವೆ. ಪೂರ್ತಿ ಮರದ ಬಿಲ್ಲಿಗೆ ಸ್ವಲ್ಪ ಹಿಗ್ಗುವ ಡಾಕ್ರಾನ್ (ಪಾಲಿಯೆಸ್ಟರ್ ನೂಲಿನ) ಹೆದೆಯೇ ಕ್ಷೇಮ.

ಅಂಟಿಗೆ ಗ್ಲಾಸ್ ಮಾರ್ಗದಲ್ಲಿ ಎಪಾಕ್ಸಿ ಒಂದೇ ದಾರಿ. ಅಮೆರಿಕದಲ್ಲಿ ಸ್ಮೂತ್-ಆನ್ ಇಎ-40 ಬಳಸುತ್ತಾರೆ. ಬಿಸಿಪೆಟ್ಟಿಗೆಯಲ್ಲಿ ಕಾಯಿಸಿ ಗಟ್ಟಿ ಮಾಡುವುದು ಕ್ರಮ. ಕೋಣೆಯ ತಾಪದಲ್ಲೇ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿಗಳು 50ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ತೊಡಗುತ್ತವೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅಂತಹ ಬಿಲ್ಲನ್ನು ಬಿಟ್ಟುಹೋಗಬೇಡಿ. ಮರಕ್ಕೆ ಮರ ಅಂಟಿಸುವಾಗ ಟೈಟ್‌ಬಾಂಡ್ 3 ನಡೆಯುತ್ತದೆ. ಬಡಗಿಗಳ ಸಾಮಾನ್ಯ ಬಿಳಿ ಅಂಟು ನಡೆಯುವುದಿಲ್ಲ: ಕುರ್ಚಿಗೆ ಅದು ಗಟ್ಟಿ, ಆದರೆ ಸದಾ ಎಳೆತದಲ್ಲಿರುವ ಅಂಟಿನ ಗೆರೆಯಲ್ಲಿ ನಿಧಾನವಾಗಿ ಜಾರುತ್ತದೆ.

ಯಾವ ಅಂಟೇ ಆಗಲಿ, ಲಿಂಬ್‌ಗೆ ಹಚ್ಚುವ ಮೊದಲು ಅದೇ ಮರದ, ಅದೇ ರೀತಿ ಒರೆಸಿದ ಎರಡು ಉಳಿಕೆ ತುಂಡುಗಳನ್ನು ಅಂಟಿಸಿ, ಪೂರ್ತಿ ಗಟ್ಟಿಯಾದ ಮೇಲೆ ಉಳಿಯಿಂದ ಗೆರೆಯಲ್ಲೇ ಸೀಳಿ ನೋಡಿ. ಎರಡೂ ಮುಖಗಳಲ್ಲಿ ಮರದ ನಾರು ಕಿತ್ತು ಬಂದಿದ್ದರೆ ಕೆಲಸ ಶುರು ಮಾಡಬಹುದು. ನುಣುಪಾದ ಅಂಟಿನ ಮುಖವೇ ಕಂಡರೆ ಮೇಲ್ಮೈಯನ್ನು ಇನ್ನೊಮ್ಮೆ ಒರಟಾಗಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಹೊಸ ತುಂಡುಗಳ ಮೇಲೆ ಮತ್ತೆ ಪರೀಕ್ಷಿಸಿ. ಆಗಲೂ ಅದೇ ಫಲ ಬಂದರೆ ಅಂಟನ್ನು ಬದಲಿಸಿ.